ವಿಜಿಎಕ್ಸ್-3100 ಮತ್ತು ಅದರ ಒಡಹುಟ್ಟುಗಳು: ವೈರಸ್ಸಿನಿಂದ ಬರುವ ಕ್ಯಾನ್ಸರಿಗೆ ಡಿಎನ್‌ಎ ಲಸಿಕೆ ಎಷ್ಟು ಕೆಲಸ ಮಾಡುತ್ತದೆ?

ವಿಜಿಎಕ್ಸ್-3100 ಲಸಿಕೆಯ ಒಂದು ಡೋಸ್ ಎಂದರೆ 1 ಮಿಲಿಲೀಟರ್ ದ್ರವ. ಅದರಲ್ಲಿ ಕರಗಿರುವುದು 6 ಮಿಲಿಗ್ರಾಂ ಡಿಎನ್‌ಎ. ಸತ್ತ ವೈರಸ್ಸೂ ಇಲ್ಲ, ಸೊರಗಿಸಿದ ವೈರಸ್ಸೂ ಇಲ್ಲ, ವೈರಸ್ಸಿನ ಹೊರಚಿಪ್ಪೂ ಇಲ್ಲ. ಮಾನವ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಗರ್ಭಕಂಠದ ಜೀವಕೋಶವನ್ನು ಕ್ಯಾನ್ಸರಿನ ಕಡೆಗೆ ತಳ್ಳಲು ಬಳಸುವ ಎರಡು ಪ್ರೋಟೀನುಗಳ ಬರಹ ಮಾತ್ರ ಅದರಲ್ಲಿದೆ. ತೋಳಿನ ಸ್ನಾಯುವಿಗೆ ಚುಚ್ಚಿ, ಅದೇ ಜಾಗಕ್ಕೆ ಕೂಡಲೇ ವಿದ್ಯುತ್ ಪಲ್ಸ್ ಕೊಟ್ಟರೆ ಆ ಡಿಎನ್‌ಎ ಜೀವಕೋಶಗಳ ಒಳಗೆ ಹೋಗುತ್ತದೆ. ಅಲ್ಲಿ ಪ್ರೋಟೀನ್ ತಯಾರಾಗುತ್ತದೆ, ಅದನ್ನು ನೋಡಿ ದೇಹದ ರಕ್ಷಣಾ ಪಡೆಯ ಟಿ ಕೋಶಗಳು ಪಳಗುತ್ತವೆ, ಪಳಗಿದ ಟಿ ಕೋಶಗಳು ಗರ್ಭಕಂಠಕ್ಕೆ ಹೋಗಿ ಸೋಂಕು ತಗುಲಿದ ಜೀವಕೋಶಗಳನ್ನು ಕೊಲ್ಲುತ್ತವೆ. ಲೆಕ್ಕಾಚಾರ ಇಷ್ಟು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಸರಪಳಿಯ ಮೊದಲ ಮೂರು ಕೊಂಡಿ ಗಟ್ಟಿಯಾಗಿವೆ. ನಾಲ್ಕನೆಯದು, ಅಂದರೆ ಪಳಗಿದ ಟಿ ಕೋಶ ಬೇಕಾದ ಜಾಗಕ್ಕೆ ಹೋಗಿ ಕೆಲಸ ಮುಗಿಸುವುದು, ಕೆಲವರಲ್ಲಿ ಮಾತ್ರ ಆಗುತ್ತದೆ, ಮತ್ತು ಅದು ಯಾರಲ್ಲಿ ಆಗುತ್ತದೆ ಎಂದು ಮುಂಚಿತವಾಗಿ ಆರಿಸುವ ಪ್ರಯತ್ನ ಇದುವರೆಗೆ ಕೈಗೂಡಿಲ್ಲ. ಹೀಗಾಗಿ ಇದನ್ನು ಶಸ್ತ್ರಚಿಕಿತ್ಸೆಗೆ ಬದಲಿ ಎಂದು ಒಪ್ಪಲು ನಮಗೆ ಮನಸ್ಸಿಲ್ಲ. ಆದರೆ ಇದನ್ನು ಕೆಲಸಕ್ಕೆ ಬಾರದ್ದು ಎಂದು ಬದಿಗೆ ಸರಿಸುವವರ ಜೊತೆಗೂ ನಾವಿಲ್ಲ. ಏಕೆಂದರೆ ಕೆಲಸ ಮಾಡಿದವರಲ್ಲಿ ಲೀಷನ್, ಅಂದರೆ ಕೆಟ್ಟ ಜೀವಕೋಶಗಳ ತೇಪೆ, ಮಾತ್ರ ಹೋಗಿದ್ದಲ್ಲ, ವೈರಸ್ಸೂ ಹೋಗಿದೆ. ಕತ್ತರಿ ಕಣ್ಣಿಗೆ ಕಂಡ ತೇಪೆಯನ್ನು ತೆಗೆಯುತ್ತದೆ, ಅಕ್ಕಪಕ್ಕದಲ್ಲಿ ಅಡಗಿದ ವೈರಸ್ಸನ್ನು ಗುರಿಯಿಟ್ಟು ಹುಡುಕುವುದಿಲ್ಲ.

ತಡೆಯುವ ಲಸಿಕೆಯ ಕೆಲಸ ಬೇರೆ

ಎಚ್‌ಪಿವಿ ಲಸಿಕೆ ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು 2006ರಲ್ಲಿ ಬಂದ ಗಾರ್ಡಸಿಲ್ ಮತ್ತು 2014ರಲ್ಲಿ ಬಂದ ಗಾರ್ಡಸಿಲ್-9. ಅವುಗಳಲ್ಲಿರುವುದು ವೈರಸ್ಸಿನ ಹೊರಚಿಪ್ಪಿನ ಎಲ್1 ಪ್ರೋಟೀನ್. ಅದಕ್ಕೆ ಹುಟ್ಟುವ ಪ್ರತಿಕಾಯಗಳು ವೈರಸ್ ಜೀವಕೋಶಕ್ಕೆ ಅಂಟುವ ಮೊದಲೇ ಹಿಡಿದುಹಾಕುತ್ತವೆ. ಸೋಂಕು ತಗುಲುವ ಮುನ್ನ ಕೊಟ್ಟರೆ ಅವಕ್ಕೆ ಸಾಟಿಯಿಲ್ಲ. ಈ ಬರಹ ಓದಿ ಯಾರಾದರೂ ಮಗಳಿಗೋ ಮಗನಿಗೋ ಆ ಲಸಿಕೆ ಕೊಡಿಸುವುದನ್ನು ಮುಂದೂಡಿದರೆ ಅದು ದೊಡ್ಡ ತಪ್ಪು.

ಆದರೆ ಸೋಂಕು ಒಳಗೆ ಕೂತ ಮೇಲೆ ಎಲ್1 ಲಸಿಕೆ ಕೈಚೆಲ್ಲುತ್ತದೆ. ಕಾರಣ ವೈರಸ್ಸಿನ ಬದುಕಿನ ಕ್ರಮದಲ್ಲೇ ಇದೆ. ಎಚ್‌ಪಿವಿ ನೆಲೆಸುವುದು ಚರ್ಮದ ತಳಪದರದ ಜೀವಕೋಶಗಳಲ್ಲಿ, ಆ ಪದರದಲ್ಲಿ ಅದು ಎಲ್1 ತಯಾರಿಸುವುದೇ ಇಲ್ಲ. ಮೇಲ್ಪದರಕ್ಕೆ ಬಂದು ಉದುರಿಹೋಗಲಿರುವ ಜೀವಕೋಶದಲ್ಲಷ್ಟೇ ಚಿಪ್ಪು ಕಟ್ಟುತ್ತದೆ. ಕ್ಯಾನ್ಸರಿನ ಹಾದಿ ಹಿಡಿದ ಜೀವಕೋಶದಲ್ಲಂತೂ ವೈರಸ್ಸಿನ ಡಿಎನ್‌ಎ ಎಷ್ಟೋ ಸಲ ನಮ್ಮ ಕ್ರೋಮೊಸೋಮಿನೊಳಗೇ ಸೇರಿಕೊಳ್ಳುತ್ತದೆ. ಸೇರುವಾಗ ಇ2 ಎಂಬ ವಂಶವಾಹಿ ತುಂಡಾಗುತ್ತದೆ. ಇ6 ಮತ್ತು ಇ7ರ ಮೇಲೆ ಹಿಡಿತ ಇಟ್ಟಿದ್ದದ್ದು ಅದೇ ಇ2. ಹಿಡಿತ ತಪ್ಪಿದ ಇ6, ಪಿ53 ಪ್ರೋಟೀನನ್ನು ನಾಶಕ್ಕೆ ಕಳಿಸುತ್ತದೆ. ಇ7 ಹೋಗಿ ಆರ್‌ಬಿ ಪ್ರೋಟೀನಿಗೆ ಅಂಟುತ್ತದೆ. ಜೀವಕೋಶದ ಎರಡು ದೊಡ್ಡ ಬ್ರೇಕುಗಳೂ ಹೋದ ಹಾಗೆ.

ಲಸಿಕೆ ಮಾಡುವವರಿಗೆ ಇದರಲ್ಲೊಂದು ಒಳ್ಳೆಯ ಸುದ್ದಿ ಅಡಗಿದೆ. ಬದುಕಿ ಬೆಳೆಯಲು ಆ ಜೀವಕೋಶಕ್ಕೆ ಇ6, ಇ7 ಬೇಕೇ ಬೇಕು, ಅವನ್ನು ಬಿಸಾಡಿ ತಪ್ಪಿಸಿಕೊಳ್ಳಲು ಅದಕ್ಕೆ ಆಗದು. ಆರೋಗ್ಯವಂತ ಜೀವಕೋಶದಲ್ಲಿ ಇವೆರಡೂ ಇರುವುದಿಲ್ಲ, ಆದ್ದರಿಂದ ಟಿ ಕೋಶ ತಪ್ಪು ಗುರಿಗೆ ಹೊಡೆಯುವ ಭಯ ಕಡಿಮೆ. ಕ್ಯಾನ್ಸರ್ ಲಸಿಕೆಗೆ ಇಷ್ಟು ಸ್ವಚ್ಛವಾದ ಗುರಿ ಬೇರೆಡೆ ಸಿಗುವುದು ಅಪರೂಪ.

ಶೀಶೆಯೊಳಗೆ

6 ಮಿಲಿಗ್ರಾಂನಲ್ಲಿ ಎರಡು ಪ್ಲಾಸ್ಮಿಡ್‌ಗಳಿವೆ. 3 ಮಿಲಿಗ್ರಾಂ ಎಚ್‌ಪಿವಿ-16ಕ್ಕೆ, 3 ಮಿಲಿಗ್ರಾಂ ಎಚ್‌ಪಿವಿ-18ಕ್ಕೆ. ಈ ಎರಡು ಬಗೆಗಳೇ ಗರ್ಭಕಂಠದ ಕ್ಯಾನ್ಸರಿನ ಸುಮಾರು 70 ಪ್ರತಿಶತಕ್ಕೆ ಕಾರಣ. ಪ್ಲಾಸ್ಮಿಡ್ ಎಂದರೆ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ಶುದ್ಧಗೊಳಿಸಿದ ಡಿಎನ್‌ಎ ಉಂಗುರ. ಅದು ತಾನಾಗಿ ನಮ್ಮ ಜೀವಕೋಶದಲ್ಲಿ ಮರಿ ಹಾಕುವುದಿಲ್ಲ.

ವಿನ್ಯಾಸದಲ್ಲಿ ನಮಗೆ ಹಿಡಿಸಿದ ಎರಡು ಸಂಗತಿ ಇವೆ. ಒಂದು, ಇ6 ಮತ್ತು ಇ7ನ್ನು ಒಂದೇ ಎಳೆಯಾಗಿ ಬರೆದು ನಡುವೆ ಜೀವಕೋಶದ ಕಿಣ್ವವೇ ಕತ್ತರಿಸುವಂಥ ಗುರುತು ಇಟ್ಟಿದ್ದಾರೆ, ಹಾಗಾಗಿ ಎರಡೂ ಪ್ರೋಟೀನ್ ಸಮಪ್ರಮಾಣದಲ್ಲಿ ಬಿಡಿಬಿಡಿಯಾಗಿ ಸಿಗುತ್ತವೆ. ಇನ್ನೊಂದು ಹೆಚ್ಚು ಮುಖ್ಯ. ಕ್ಯಾನ್ಸರ್ ತರುವ ಪ್ರೋಟೀನನ್ನೇ ದೇಹಕ್ಕೆ ಬರೆದುಕೊಟ್ಟರೆ ಅದೇ ಅಪಾಯವಲ್ಲವೇ ಎಂದು ಯಾರಾದರೂ ಕೇಳುತ್ತಾರೆ, ಕೇಳಬೇಕು ಕೂಡ. ಅದಕ್ಕೆ ಉತ್ತರ, ಪಿ53 ಮತ್ತು ಆರ್‌ಬಿಗೆ ಅಂಟುವ ಜಾಗದ ಅಮೈನೋ ಆಮ್ಲಗಳನ್ನು ಬದಲಿಸಿದ್ದಾರೆ. ಆಕಾರ ಬಹುಪಾಲು ಉಳಿದಿದೆ, ಟಿ ಕೋಶಕ್ಕೆ ಗುರುತು ಸಿಗುತ್ತದೆ, ಹಲ್ಲು ಮಾತ್ರ ಕಿತ್ತಿದೆ. ಇದಕ್ಕೂ ಮುಂಚೆ ಬಂದ ಇನ್ನೊಂದು ಪ್ರಯೋಗ ಲಸಿಕೆಯಲ್ಲೂ ಇ7ನ್ನು ಹೀಗೇ ನಿರ್ವಿಷಗೊಳಿಸಿ ಬಳಸಿದ್ದರು.

ಪ್ಲಾಸ್ಮಿಡ್ ನಮ್ಮ ಕ್ರೋಮೊಸೋಮಿಗೆ ಸೇರಿಕೊಂಡರೆ? ಈ ಅನುಮಾನವನ್ನು ನಿಯಂತ್ರಕರು ಆರಂಭದಿಂದಲೂ ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಅಮೆರಿಕದ ಎಫ್‌ಡಿಎ 2007ರಲ್ಲಿ ಕೊಟ್ಟ ಮಾರ್ಗದರ್ಶಿಯ ಪ್ರಕಾರ, ಯಾವುದೇ ಅಂಗಾಂಶದಲ್ಲಿ 1 ಮೈಕ್ರೋಗ್ರಾಂ ಡಿಎನ್‌ಎಗೆ 30,000 ಪ್ರತಿಗಿಂತ ಹೆಚ್ಚು ಪ್ಲಾಸ್ಮಿಡ್ ಉಳಿದುಕೊಂಡರೆ ಸೇರ್ಪಡೆಯ ಪರೀಕ್ಷೆ ಪ್ರತ್ಯೇಕವಾಗಿ ಮಾಡಬೇಕು. ಅದೇ ದಾಖಲೆ ತಯಾರಿಕೆಗೂ ಅಳತೆ ಹಾಕಿದೆ: ಪ್ಲಾಸ್ಮಿಡ್‌ನ 80 ಪ್ರತಿಶತಕ್ಕಿಂತ ಹೆಚ್ಚು ಭಾಗ ಬಿಗಿಯಾಗಿ ಸುರುಳಿ ಸುತ್ತಿಕೊಂಡ ರೂಪದಲ್ಲಿರಬೇಕು, ಎಂಡೋಟಾಕ್ಸಿನ್ ಎಂಬ ಬ್ಯಾಕ್ಟೀರಿಯಾದ ವಿಷ ಪ್ರತಿ ಮಿಲಿಗ್ರಾಂಗೆ 40 ಘಟಕಕ್ಕಿಂತ ಕಡಿಮೆ ಇರಬೇಕು. ಸುರುಳಿ ಬಿಚ್ಚಿದ, ತುಂಡಾದ ಡಿಎನ್‌ಎ ಚುಚ್ಚಿದರೆ ಪ್ರೋಟೀನ್ ತಯಾರಿ ಕುಸಿಯುತ್ತದೆ. ಎಂಡೋಟಾಕ್ಸಿನ್ ಹೆಚ್ಚಾದರೆ ಜ್ವರ, ಉರಿ. ಬ್ಯಾಕ್ಟೀರಿಯಾದಲ್ಲಿ ಬೆಳೆಸುವಾಗ ಪ್ಲಾಸ್ಮಿಡ್ ಹೊತ್ತವನ್ನಷ್ಟೇ ಉಳಿಸಿಕೊಳ್ಳಲು ಕಾನಾಮೈಸಿನ್ ಎಂಬ ಆಂಟಿಬಯೋಟಿಕ್‌ಗೆ ನಿರೋಧಕ ವಂಶವಾಹಿಯನ್ನು ಬಳಸುವುದಕ್ಕೂ ಕಾರಣವಿದೆ. ಪೆನಿಸಿಲಿನ್ ಅಲರ್ಜಿ ಇರುವವರು ತುಂಬ ಜನ, ಆ ಗುಂಪಿನ ಔಷಧದ ಲವಲೇಶವೂ ಶೀಶೆಯಲ್ಲಿ ಬೇಡ.

ಸಾಗಣೆಯ ವಿಷಯದಲ್ಲಿ ಡಿಎನ್‌ಎ ಲಸಿಕೆ ಸುಲಭ. ಸಾಮಾನ್ಯ ಫ್ರಿಜ್ಜಿನ 2ರಿಂದ 8 ಡಿಗ್ರಿ ಸಾಕು, ಎಂಆರ್‌ಎನ್‌ಎಯಂತೆ ಆಳ ಶೀತ ಬೇಡ.

ಯಂತ್ರವೇ ಅರ್ಧ ಮದ್ದು

1990ರಲ್ಲಿ ಇಲಿಯ ಸ್ನಾಯುವಿಗೆ ಬರಿಯ ಡಿಎನ್‌ಎ ಚುಚ್ಚಿದರೂ ಪ್ರೋಟೀನ್ ತಯಾರಾಗುತ್ತದೆ ಎಂದು ಗೊತ್ತಾಯಿತು. 1993ರಲ್ಲಿ ಅದೇ ವಿಧಾನದಿಂದ ಇಲಿಗಳನ್ನು ಇನ್‌ಫ್ಲುಯೆಂಜಾದಿಂದ ಕಾಪಾಡಿ ತೋರಿಸಿದರು. ಎಲ್ಲರೂ ಹಿಗ್ಗಿದರು. ಮನುಷ್ಯರಿಗೆ ಬಂದಾಗ ಪರಿಣಾಮ ಸಪ್ಪೆ. ಡಿಎನ್‌ಎ ದೊಡ್ಡ ಅಣು, ಮೈತುಂಬ ಋಣ ವಿದ್ಯುದಂಶ. ಅದು ಮೊದಲು ಜೀವಕೋಶದ ಪೊರೆ ದಾಟಬೇಕು, ಆಮೇಲೆ ಕೋಶಕೇಂದ್ರದ ಪೊರೆ ದಾಟಬೇಕು. ಎಂಆರ್‌ಎನ್‌ಎಗೆ ಮೊದಲ ಬೇಲಿ ಮಾತ್ರ. ಸೂಜಿಯಿಂದ ಸುಮ್ಮನೆ ಚುಚ್ಚಿದ ಪ್ಲಾಸ್ಮಿಡ್‌ನಲ್ಲಿ ಹೆಚ್ಚಿನ ಪಾಲು ಜೀವಕೋಶಗಳ ನಡುವೆಯೇ ಕಿಣ್ವಗಳಿಗೆ ಆಹಾರವಾಗುತ್ತದೆ.

ಈ ಬೇಲಿ ದಾಟಿಸುವ ಉಪಾಯವೇ ಎಲೆಕ್ಟ್ರೋಪೊರೇಷನ್. ವಿಜಿಎಕ್ಸ್-3100ಕ್ಕೆ ಬಳಸುವುದು ಸೆಲೆಕ್ಟ್ರಾ ಎಂಬ ಕೈಯಲ್ಲಿ ಹಿಡಿಯುವ ಉಪಕರಣ. ಅದರ ತುದಿಯಲ್ಲಿ ಒಮ್ಮೆ ಬಳಸಿ ಎಸೆಯುವ ಐದು ಸೂಜಿ ವಿದ್ಯುದ್ವಾರಗಳ ಗುಚ್ಛ ಇರುತ್ತದೆ, ನಡುವೆ ಮದ್ದು ಚುಚ್ಚುವ ಸೂಜಿ. ಮದ್ದು ಸ್ನಾಯುವಿಗೆ ಇಳಿದ ಮೇಲೆ 0.5 ಆಂಪಿಯರ್‌ನ ಮೂರು ಪಲ್ಸ್ ಹೊಡೆಯುತ್ತದೆ. ಒಂದೊಂದೂ 52 ಮಿಲಿಸೆಕೆಂಡ್, ನಡುವೆ 1 ಸೆಕೆಂಡ್ ಬಿಡುವು. ಪೊರೆಯಲ್ಲಿ ಕ್ಷಣಕಾಲ ಸಣ್ಣ ರಂಧ್ರಗಳು ತೆರೆದು ಮುಚ್ಚುತ್ತವೆ, ಅಷ್ಟರಲ್ಲಿ ಡಿಎನ್‌ಎ ಒಳಗೆ. ಬರಿ ಸೂಜಿಗೆ ಹೋಲಿಸಿದರೆ ಪ್ರೋಟೀನ್ ತಯಾರಿ ನೂರು ಪಟ್ಟು, ಕೆಲವು ಪ್ರಾಣಿ ಪ್ರಯೋಗಗಳಲ್ಲಿ ಅದಕ್ಕಿಂತಲೂ ಹೆಚ್ಚು ಏರಿದೆ.

ವೋಲ್ಟೇಜ್ ಸ್ಥಿರವಾಗಿಡದೆ ಕರೆಂಟನ್ನು ಸ್ಥಿರವಾಗಿಟ್ಟಿರುವುದು ಜಾಣ ಆಯ್ಕೆ. ಒಬ್ಬರ ತೋಳಿನ ವಿದ್ಯುತ್ ತಡೆ ಇನ್ನೊಬ್ಬರ ತೋಳಿನ ಹಾಗಿರುವುದಿಲ್ಲ. ಪಲ್ಸ್ ನಡುವೆಯೂ ಅದು ಬದಲಾಗುತ್ತದೆ. ವೋಲ್ಟೇಜ್ ಗಟ್ಟಿ ಹಿಡಿದರೆ ತಡೆ ಕಡಿಮೆ ಇದ್ದವರ ಅಂಗಾಂಶ ಸುಡುತ್ತದೆ, ಹೆಚ್ಚಿದ್ದವರಿಗೆ ಪಲ್ಸ್ ಸಾಲದು. ಉಪಕರಣ ಮೊದಲೇ ತಡೆ ಅಳೆದು, ವಿದ್ಯುದ್ವಾರ ಸರಿಯಾಗಿ ಕೂತಿಲ್ಲದಿದ್ದರೆ ಪಲ್ಸ್ ಕೊಡದೆ ನಿಲ್ಲುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಯಂತ್ರದಿಂದಲ್ಲ, ಆಳದಿಂದ. ಚರ್ಮದ ಕೆಳಗೆ ಕೊಬ್ಬಿನ ಪದರ ದಪ್ಪವಿರುವ ತೋಳಿಗೆ ಗಿಡ್ಡ ಸೂಜಿ ಹಾಕಿದರೆ ಮದ್ದು ಕೊಬ್ಬಿನಲ್ಲಿ ಉಳಿಯುತ್ತದೆ. ಕೊಬ್ಬಿನ ಜೀವಕೋಶ ಸ್ನಾಯುವಿನಷ್ಟು ಪ್ರೋಟೀನ್ ಮಾಡಿಕೊಡುವುದಿಲ್ಲ, ಕರೆಂಟ್ ಹರಿಯುವ ದಾರಿಯೂ ಬೇರೆ. ತೆಳ್ಳಗಿನ ತೋಳಿಗೆ ಉದ್ದ ಸೂಜಿ ಹಾಕಿದರೆ ತುದಿ ಮೂಳೆಗೆ ತಾಗುತ್ತದೆ. ಅದಕ್ಕೇ ಬೇರೆ ಬೇರೆ ಉದ್ದದ ಗುಚ್ಛಗಳಿವೆ. ತೋಳನ್ನು ಚಿವುಟಿ ನೋಡಿ ಅಂದಾಜು ಕಟ್ಟುವುದಕ್ಕಿಂತ ಕೊಬ್ಬಿನ ದಪ್ಪ ಅಳೆದು ಉದ್ದ ಆರಿಸುವುದು ಉತ್ತಮ. ಇನ್ನೊಂದು ತಪ್ಪು: ಮದ್ದು ಒಂದು ಜಾಗದಲ್ಲಿ, ಪಲ್ಸ್ ಬೆರಳಗಲ ಪಕ್ಕದಲ್ಲಿ. ಮದ್ದು ಮತ್ತು ವಿದ್ಯುತ್ ಕ್ಷೇತ್ರ ಒಂದೇ ಜಾಗದಲ್ಲಿ ಸೇರದಿದ್ದರೆ ಪಲ್ಸ್ ಕೊಟ್ಟೂ ಕೊಡದ ಹಾಗೆ. ಮದ್ದು ಚುಚ್ಚುವುದನ್ನೂ ಪಲ್ಸನ್ನೂ ಒಂದೇ ಗುಂಡಿಯಲ್ಲಿ ಮಾಡಿ ಮುಗಿಸುವ, ಬ್ಯಾಟರಿಯಿಂದ ನಡೆಯುವ ಮಾದರಿ ಬಂದ ಮೇಲೆ ಈ ತಪ್ಪಿಗೆ ಆಸ್ಪದ ಕಡಿಮೆಯಾಗಿದೆ.

ನೋವಿನ ಬಗ್ಗೆ ಮುಚ್ಚಿಡುವುದು ಬೇಡ. ಪಲ್ಸ್ ಬಿದ್ದಾಗ ತೋಳಿನ ಸ್ನಾಯು ತಾನಾಗಿ ಮೂರು ಸಲ ಸೆಟೆದುಕೊಳ್ಳುತ್ತದೆ. ಆ ಕ್ಷಣ ಚೆನ್ನಾಗಿಯೇ ನೋಯುತ್ತದೆ, ಹತ್ತು ನಿಮಿಷದೊಳಗೆ ಬಹುಪಾಲು ಇಳಿಯುತ್ತದೆ. ಮೊದಲೇ ಹೇಳಿ ಕೂರಿಸಿದವರು ಸಾಮಾನ್ಯವಾಗಿ ಮುಂದಿನ ಡೋಸಿಗೆ ಬರುತ್ತಾರೆ, ಹೇಳದೆ ಹೊಡೆದರೆ ತೋಳು ಎಳೆದುಕೊಂಡು ಡೋಸೂ ಕೆಡುತ್ತದೆ. ಪೇಸ್‌ಮೇಕರ್ ಅಥವಾ ಎದೆಯೊಳಗೆ ಡಿಫಿಬ್ರಿಲೇಟರ್ ಇರುವವರಿಗೆ, ಚುಚ್ಚುವ ಜಾಗದ ಹತ್ತಿರ ಲೋಹದ ಕಸಿ ಇರುವವರಿಗೆ, ರಕ್ತ ಹೆಪ್ಪುಗಟ್ಟದ ತೊಂದರೆ ಇರುವವರಿಗೆ ಈ ವಿಧಾನ ಆಗದು.

ಅಂಕಿಗಳು ಏನು ಹೇಳುತ್ತವೆ

ಮೊದಲ ಹಂತದ ಪ್ರಯೋಗದ ಫಲಿತಾಂಶ ಪ್ರಕಟವಾದದ್ದು 2012ರಲ್ಲಿ, 18 ಮಹಿಳೆಯರ ಮೇಲೆ. 14 ಮಂದಿಯಲ್ಲಿ ಟಿ ಕೋಶದ ಪ್ರತಿಕ್ರಿಯೆ ಕಂಡಿತು. ಕ್ಷೇತ್ರದಲ್ಲಿ ಇದ್ದವರಿಗೆ ಅದು ನಿಜವಾಗಿಯೂ ಹೊಸ ಸುದ್ದಿ. ಅಲ್ಲಿಯವರೆಗೆ ಮನುಷ್ಯರಲ್ಲಿ ಡಿಎನ್‌ಎ ಲಸಿಕೆ ಇಷ್ಟು ಬಲವಾದ ಪ್ರತಿಕ್ರಿಯೆ ಎಬ್ಬಿಸಿದ ಉದಾಹರಣೆ ಕಡಿಮೆ.

2015ರಲ್ಲಿ ಎರಡನೇ ಹಂತ ಪ್ರಕಟವಾಯಿತು. ಏಳು ದೇಶಗಳ 36 ಕೇಂದ್ರಗಳು, 167 ಮಹಿಳೆಯರು. ಎಲ್ಲರಿಗೂ ಎಚ್‌ಪಿವಿ-16 ಅಥವಾ 18 ಇದ್ದ ಸಿಐಎನ್-2 ಅಥವಾ ಸಿಐಎನ್-3, ಅಂದರೆ ಕ್ಯಾನ್ಸರ್ ಪೂರ್ವದ ಮುಂದುವರಿದ ಬದಲಾವಣೆ. ಡೋಸ್ ಮೊದಲ ದಿನ, 4ನೇ ವಾರ, 12ನೇ ವಾರ. ಮೊದಲ ಡೋಸಿನಿಂದ 36 ವಾರಕ್ಕೆ ಲೀಷನ್ ಇಳಿದದ್ದು ಲಸಿಕೆ ಪಡೆದವರಲ್ಲಿ 107ಕ್ಕೆ 53 ಮಂದಿಗೆ, 49.5 ಪ್ರತಿಶತ. ಹುಸಿ ಮದ್ದು ಪಡೆದವರಲ್ಲಿ 36ಕ್ಕೆ 11, ಅಂದರೆ 30.6 ಪ್ರತಿಶತ. ಲೀಷನ್ ಇಳಿದು ವೈರಸ್ಸೂ ಮಾಯವಾದದ್ದು 40.2 ಪ್ರತಿಶತ, ಎದುರಿಗೆ 14.3.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬರಿ 49.5 ಎಂಬ ಅಂಕಿಯನ್ನು ಹಿಡಿದು ಅರ್ಧ ಜನಕ್ಕೆ ಗುಣವಾಯಿತು ಎಂದು ಹೇಳುವವರಿದ್ದಾರೆ. ಹಾಗಲ್ಲ. ಹುಸಿ ಮದ್ದು ಪಡೆದವರಲ್ಲೂ ಮೂವರಲ್ಲಿ ಒಬ್ಬರಿಗೆ ತಾನಾಗಿ ಇಳಿದಿದೆ. ಸಿಐಎನ್-2 ಹಾಗೇ ಬಿಟ್ಟರೂ ಎರಡು ವರ್ಷದಲ್ಲಿ ಸುಮಾರು ಅರ್ಧದಷ್ಟು ಹಿಂದೆ ಸರಿಯುತ್ತದೆ. ಲಸಿಕೆಯಿಂದಲೇ ಬಂದ ಲಾಭ ಎಂದರೆ ಎರಡರ ನಡುವಿನ ವ್ಯತ್ಯಾಸ, ಸುಮಾರು 19 ಪ್ರತಿಶತ. ಐದು ಮಂದಿಗೆ ಪೂರ್ತಿ ಲಸಿಕೆ ಕೊಟ್ಟರೆ ಒಬ್ಬರಿಗೆ ಹೆಚ್ಚುವರಿ ಪ್ರಯೋಜನ. ಲೀಷನ್ ಜೊತೆ ವೈರಸ್ಸೂ ಹೋಗಬೇಕು ಎಂಬ ಕಠಿಣ ಅಳತೆ ಹಿಡಿದರೆ ವ್ಯತ್ಯಾಸ ಹೆಚ್ಚುತ್ತದೆ, ನಾಲ್ವರಿಗೆ ಒಬ್ಬರು. ಕಠಿಣ ಅಳತೆಯಲ್ಲಿ ಹೆಚ್ಚು ಅಂಕ ಬರುವ ಔಷಧ ಕಡಿಮೆ, ನಮ್ಮ ಮೆಚ್ಚುಗೆಗೆ ಇದೂ ಒಂದು ಕಾರಣ. ತಾನಾಗಿ ಇಳಿಯುವ ಲೀಷನ್ ಎಷ್ಟೋ ಸಲ ವೈರಸ್ಸನ್ನು ಉಳಿಸಿಕೊಂಡೇ ಇಳಿಯುತ್ತದೆ.

ಮೂರನೇ ಹಂತದಲ್ಲಿ ರಿವೀಲ್-1, ರಿವೀಲ್-2 ಎಂಬ ಎರಡು ಪ್ರಯೋಗ ನಡೆದವು. 2021ರಲ್ಲಿ ಬಂದ ರಿವೀಲ್-1ರ ಫಲಿತಾಂಶದಲ್ಲಿ ಲೀಷನ್ ಮತ್ತು ವೈರಸ್ ಎರಡೂ ಹೋದವರು 23.7 ಪ್ರತಿಶತ, ಹುಸಿ ಮದ್ದಿನಲ್ಲಿ 11.3. ಕೊನೆಯ ಪರೀಕ್ಷೆಯ ಮಾಹಿತಿ ಸಿಕ್ಕವರನ್ನಷ್ಟೇ ಲೆಕ್ಕ ಹಿಡಿದಾಗ ಇದು ಸಂಖ್ಯಾಶಾಸ್ತ್ರದ ಗೆರೆ ದಾಟಿತು. ಮಾಹಿತಿ ಸಿಗದವರನ್ನು ಸೋತವರೆಂದು ಸೇರಿಸಿದಾಗ ದಾಟಲಿಲ್ಲ. ಎರಡನೇ ಹಂತದಲ್ಲಿ ಇದೇ ಅಳತೆಗೆ 40.2 ಸಿಕ್ಕಿತ್ತು ಎಂಬುದನ್ನು ನೆನಪಿಡಿ. ಅಂದರೆ ಕುಸಿತ ನಿಜವಾದದ್ದು, ಅಳತೆ ಬದಲಾದ್ದರಿಂದ ಹಾಗೆ ಕಂಡದ್ದಲ್ಲ. ಇಲ್ಲಿ ಎಂಟು ಮಂದಿಗೆ ಒಬ್ಬರು.

2023ರಲ್ಲಿ ಬಂದ ರಿವೀಲ್-2ರಲ್ಲಿ ಇನ್ನೊಂದು ಬಗೆಯ ತೊಡಕಾಯಿತು. ಯಾರಿಗೆ ಫಲಿಸಬಹುದು ಎಂದು ಮೊದಲೇ ಗುರುತಿಸುವ ಜೈವಿಕ ಸೂಚಕವೊಂದನ್ನು ಕಟ್ಟಿ, ಮುಖ್ಯ ಲೆಕ್ಕವನ್ನು ಆ ಸೂಚಕ ಆರಿಸಿದವರಿಗೇ ಸೀಮಿತಗೊಳಿಸಿದರು. ಆ ಸಣ್ಣ ಗುಂಪಿನಲ್ಲಿ ಗೆರೆ ದಾಟಲಿಲ್ಲ. ಭಾಗವಹಿಸಿದ ಎಲ್ಲರನ್ನೂ ಸೇರಿಸಿ ನೋಡಿದಾಗ ಲಸಿಕೆಯ ಗುಂಪು ಸ್ಪಷ್ಟವಾಗಿ ಮುಂದಿತ್ತು. ಆದರೆ ಪ್ರಯೋಗ ಶುರುವಾಗುವ ಮುಂಚೆ ಬರೆದಿಟ್ಟ ಮುಖ್ಯ ಪ್ರಶ್ನೆಗೆ ಸಿಕ್ಕ ಉತ್ತರವೇ ನಿಯಂತ್ರಕರಿಗೆ ಉತ್ತರ. ಅದೇ ವರ್ಷ ತಯಾರಕರು ಅಮೆರಿಕದಲ್ಲಿ ಗರ್ಭಕಂಠದ ಲೀಷನ್‌ಗೆ ಇದನ್ನು ಮುಂದುವರಿಸುವುದನ್ನು ಕೈಬಿಟ್ಟರು. ಒಳ್ಳೆಯ ಮದ್ದೊಂದು ಗುಂಪು ಆರಿಸುವ ಹಂತದಲ್ಲಿ ಎಡವಿತು ಎಂಬ ಬೇಸರ ನಮಗಿದೆ. ಜೊತೆಗೇ, ಎಂಟರಲ್ಲಿ ಒಬ್ಬರಿಗೆ ಹೆಚ್ಚುವರಿ ಲಾಭ ಕೊಡುವ ಮೂರು ಡೋಸಿನ ಚಿಕಿತ್ಸೆಯನ್ನು, ಒಂದೇ ಭೇಟಿಯಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಲೀಷನ್ ತೆಗೆಯುವ, ವಿದ್ಯುತ್ ತಂತಿಯ ಕುಣಿಕೆಯಿಂದ ಕತ್ತರಿಸುವ ಲೀಪ್ ಶಸ್ತ್ರಚಿಕಿತ್ಸೆಯ ಪಕ್ಕ ಇಟ್ಟರೆ ನಿಯಂತ್ರಕರ ಹಿಂಜರಿಕೆಯೂ ಅರ್ಥವಾಗುತ್ತದೆ.

ಲೀಪ್ ಇಷ್ಟು ಚೆನ್ನಾಗಿರುವಾಗ ಲಸಿಕೆ ಏಕೆ ಎಂದರೆ, ಗರ್ಭಕಂಠದ ತುಂಡು ಆಳವಾಗಿ ತೆಗೆದಷ್ಟೂ ಮುಂದಿನ ಬಸಿರಿನಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಾಧ್ಯತೆ ಏರುತ್ತದೆ. ಇನ್ನೂ ಮಕ್ಕಳು ಬೇಕೆನ್ನುವ ಹರೆಯದ ಹೆಣ್ಣುಮಕ್ಕಳಲ್ಲೇ ಸಿಐಎನ್ ಹೆಚ್ಚು ಕಾಣುವುದು. ಎರಡನೇ ಸಲ, ಮೂರನೇ ಸಲ ಲೀಪ್ ಮಾಡಿಸಿಕೊಳ್ಳುವ ಪರಿಸ್ಥಿತಿ ಬಂದವರಿಗೆ ಈ ಚಿಂತೆ ಬಹಳ ನಿಜ.

ಟಿ ಕೋಶ ರಕ್ತದಲ್ಲಿದ್ದೂ ಕೆಲಸವಾಗದ್ದೇಕೆ

ರಕ್ತ ತೆಗೆದು ಪರೀಕ್ಷಿಸಿದರೆ ಇ6, ಇ7 ಗುರುತಿಸುವ ಟಿ ಕೋಶಗಳು ಸಿಗುತ್ತವೆ. ಬಯಾಪ್ಸಿಯಲ್ಲಿ ಲೀಷನ್ ಹಾಗೇ ಕೂತಿರುತ್ತದೆ. ಈ ಅಂತರವೇ ಈ ಲಸಿಕೆಗಳ ಮುಖ್ಯ ದೌರ್ಬಲ್ಯ. ತೋಳಿನಲ್ಲಿ ಪಳಗಿದ ಟಿ ಕೋಶಕ್ಕೆ ಗರ್ಭಕಂಠದ ಒಳಪದರಕ್ಕೆ ಹೋಗುವ ವಿಳಾಸ ಸಿಗಬೇಕು. ಹೋದ ಮೇಲೂ ಅಲ್ಲಿನ ಜೀವಕೋಶಗಳು ಪಿಡಿ-ಎಲ್1 ಎಂಬ ಕಡಿವಾಣ ತೋರಿಸಿ ಅದನ್ನು ಸುಮ್ಮನಾಗಿಸಬಹುದು. ಒಳಗಿನ ಪ್ರೋಟೀನಿನ ಚೂರನ್ನು ಹೊರಗೆ ಹಿಡಿದು ತೋರಿಸುವ ಎಚ್‌ಎಲ್‌ಎ ಅಣುವನ್ನು ಮೇಲ್ಮೈಯಿಂದ ಇಳಿಸಿಬಿಟ್ಟರಂತೂ ಟಿ ಕೋಶಕ್ಕೆ ಗುರುತೇ ಸಿಗದು. ಎರಡನೇ ಹಂತದಲ್ಲಿ ಲೀಷನ್ ಇಳಿದವರ ಅಂಗಾಂಶದಲ್ಲಿ ಸಿಡಿ8 ಎಂಬ ಕೊಲ್ಲುವ ಬಗೆಯ ಟಿ ಕೋಶಗಳು ಹೆಚ್ಚಾಗಿ ನುಗ್ಗಿದ್ದವು. ಆದ್ದರಿಂದ ಯಾವುದೇ ಪ್ರಯೋಗದ ವರದಿ ರಕ್ತದ ಅಂಕಿಯನ್ನಷ್ಟೇ ತೋರಿಸಿ ಬೀಗಿದರೆ ಅಂಗಾಂಶದ ಅಂಕಿ ಎಲ್ಲಿ ಎಂದು ಕೇಳಬೇಕು.

ಕ್ಯಾನ್ಸರ್ ಆಗಲೇ ಬಂದಿದ್ದರೆ

ಇಲ್ಲಿ ಡಿಎನ್‌ಎ ಲಸಿಕೆ ಒಂಟಿಯಾಗಿ ನಿಲ್ಲಲಾರದು. ಕಡಿವಾಣ ಬಿಚ್ಚುವ ಔಷಧದ ಜೊತೆ ಕೊಟ್ಟಾಗ ಚಿತ್ರ ಬದಲಾಗುತ್ತದೆ. ಈ ಸಾಲಿನಲ್ಲಿ ನಮಗೆ ಹೆಚ್ಚು ಭರವಸೆ ಮೂಡಿಸಿದ್ದು ಜಿಎಕ್ಸ್-188ಇ ಎಂಬ ಡಿಎನ್‌ಎ ಲಸಿಕೆ. ಇದರಲ್ಲೂ 16 ಮತ್ತು 18ರ ಇ6, ಇ7 ಇವೆ, ಜೊತೆಗೆ ಎಫ್‌ಎಲ್‌ಟಿ3 ಲಿಗ್ಯಾಂಡ್ ಎಂಬ ತುಣುಕನ್ನು ಹೆಣೆದಿದ್ದಾರೆ. ಪ್ರತಿಜನಕವನ್ನು, ಅಂದರೆ ಗುರಿಯ ಪ್ರೋಟೀನನ್ನು, ಟಿ ಕೋಶಕ್ಕೆ ಒಯ್ದು ತೋರಿಸುವ ಡೆಂಡ್ರಿಟಿಕ್ ಕೋಶಗಳನ್ನು ಕರೆಯುವುದು ಅದರ ಕೆಲಸ. ಡೋಸ್ 2 ಮಿಲಿಗ್ರಾಂ, ವಾರ 1, 2, 4, 7, 13, 19ರಲ್ಲಿ. ಜೊತೆಗೆ ಮೂರು ವಾರಕ್ಕೊಮ್ಮೆ ಕಡಿವಾಣ ಬಿಚ್ಚುವ ಔಷಧವಾದ ಪೆಂಬ್ರೊಲಿಜುಮಾಬ್ 200 ಮಿಲಿಗ್ರಾಂ.

ಬೇರೆ ಚಿಕಿತ್ಸೆಗಳಿಗೆ ಬಗ್ಗದೆ ಮರಳಿ ಬಂದ ಅಥವಾ ಹರಡಿದ ಗರ್ಭಕಂಠದ ಕ್ಯಾನ್ಸರಿನ 26 ಮಂದಿಯ 2020ರ ಮಧ್ಯಂತರ ವರದಿಯಲ್ಲಿ 24 ವಾರಕ್ಕೆ 11 ಮಂದಿಯ ಗಡ್ಡೆ ಕುಗ್ಗಿತ್ತು. ಅವರಲ್ಲಿ ನಾಲ್ವರಿಗೆ ಪೂರ್ತಿ ಮಾಯ. ಮುಂದೆ 60 ಮಂದಿಯ ಲೆಕ್ಕ ಬಂದಾಗ ಪ್ರಮಾಣ 35 ಪ್ರತಿಶತಕ್ಕೆ ಬಂತು. ಪೆಂಬ್ರೊಲಿಜುಮಾಬ್ ಒಂದನ್ನೇ ಕೊಟ್ಟ ಬೇರೊಂದು ಪ್ರಯೋಗದಲ್ಲಿ 12.2 ಪ್ರತಿಶತ ಸಿಕ್ಕಿತ್ತು. ಎರಡು ಬೇರೆ ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ಗೆದ್ದವರನ್ನು ಸಾರುವುದು ಸರಿಯಲ್ಲ, ರೋಗಿಗಳ ಆಯ್ಕೆ ಬೇರೆ, ಎದುರಿಗೆ ಹೋಲಿಕೆಯ ಗುಂಪೂ ಇರಲಿಲ್ಲ. ಆದರೂ ಅಂತರ ಕಡೆಗಣಿಸುವಷ್ಟು ಸಣ್ಣದಲ್ಲ. ಇದಕ್ಕೆ ಹೋಲಿಕೆಯ ಗುಂಪಿರುವ ದೊಡ್ಡ ಪ್ರಯೋಗ ಆಗಲೇಬೇಕು.

ವಿಬಿ10.16 ಎಂಬ ಇನ್ನೊಂದು ಡಿಎನ್‌ಎ ಲಸಿಕೆ ಎಚ್‌ಪಿವಿ-16ಕ್ಕೆ ಮಾತ್ರ. ಪ್ರತಿಜನಕ ತೋರಿಸುವ ಕೋಶಕ್ಕೆ ನೇರವಾಗಿ ಅಂಟುವ ಕೊಕ್ಕೆಯನ್ನು ಪ್ರೋಟೀನಿಗೇ ಜೋಡಿಸಿದ್ದಾರೆ, ಕೊಡುವುದು ಸೂಜಿಯಿಲ್ಲದ ಜೆಟ್ ಇಂಜೆಕ್ಟರ್‌ನಿಂದ. ಅಟೆಜೊಲಿಜುಮಾಬ್ ಎಂಬ ಇನ್ನೊಂದು ಕಡಿವಾಣ ಬಿಚ್ಚುವ ಔಷಧದ ಜೊತೆ ಗಡ್ಡೆ ಕುಗ್ಗಿದ್ದು 19 ಪ್ರತಿಶತ. ಉಪಕರಣದ ಸರಳತೆಗೆ ಅಂಕ ಕೊಡುತ್ತೇವೆ. ವಿಜಿಎಕ್ಸ್-3100ಕ್ಕೆ ಟಿ ಕೋಶಗಳನ್ನು ಹುರಿದುಂಬಿಸುವ ಐಎಲ್-12ರ ಪ್ಲಾಸ್ಮಿಡ್ ಸೇರಿಸಿದ ಮೆಡಿ0457 ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಅದೇ ಬಗೆಯ ಡರ್ವಾಲುಮಾಬ್ ಜೊತೆ 27.6 ಪ್ರತಿಶತ ಕಂಡಿದೆ.

ಗಂಟಲ ನರುಳಿಗೆ ಐಎನ್‌ಒ-3107

ಇದೇ ಮನೆತನದಲ್ಲಿ ರೋಗಿಯ ದಿನನಿತ್ಯದ ಬದುಕಿಗೆ ತಕ್ಷಣ ತಟ್ಟುವ ಫಲ ಕೊಟ್ಟದ್ದು ಇದು. ಎಚ್‌ಪಿವಿ-6 ಮತ್ತು 11ರಿಂದ ಧ್ವನಿಪೆಟ್ಟಿಗೆಯಲ್ಲಿ ಮತ್ತೆ ಮತ್ತೆ ನರುಳಿ ಬೆಳೆಯುವ ರೋಗಕ್ಕೆ ಮಾಡಿದ ಲಸಿಕೆ. ಇದು ಸ್ವತಃ ಕ್ಯಾನ್ಸರ್ ಅಲ್ಲ, ಅಪರೂಪಕ್ಕೆ ಹಾಗೆ ತಿರುಗಬಹುದು. ದನಿ ಕಟ್ಟುತ್ತದೆ, ಉಸಿರು ಕಟ್ಟುತ್ತದೆ, ವರ್ಷಕ್ಕೆ ಹಲವು ಸಲ ಅರಿವಳಿಕೆ ಕೊಟ್ಟು ಕೆರೆದು ತೆಗೆಯಬೇಕು, ಪ್ರತಿ ಸಲವೂ ಧ್ವನಿತಂತುವಿಗೆ ಗಾಯ. 32 ಮಂದಿಯ ಪ್ರಯೋಗದಲ್ಲಿ 0, 3, 6, 9ನೇ ವಾರ ಹೀಗೆ ನಾಲ್ಕು ಡೋಸ್ ಕೊಟ್ಟರು. ಮುಂದಿನ ಒಂದು ವರ್ಷದಲ್ಲಿ 26 ಮಂದಿಗೆ ಹಿಂದಿನ ವರ್ಷಕ್ಕಿಂತ ಕಡಿಮೆ ಶಸ್ತ್ರಚಿಕಿತ್ಸೆ ಸಾಕಾಯಿತು, 9 ಮಂದಿಗೆ ಒಂದೂ ಬೇಕಾಗಲಿಲ್ಲ. ಹುಸಿ ಮದ್ದಿನ ಗುಂಪು ಇಲ್ಲದ್ದು ಕೊರತೆ. ಆದರೆ ಶಸ್ತ್ರಚಿಕಿತ್ಸೆಯ ಎಣಿಕೆ ಎಂಬ ಅಳತೆ ರೋಗಿಗೂ ವೈದ್ಯರಿಗೂ ಒಂದೇ ಅರ್ಥ ಕೊಡುತ್ತದೆ, ಅದು ಇದರ ಬಲ.

ಬೇರೆ ವೈರಸ್‌ಗಳು

ಹೆಪಟೈಟಿಸ್ ಬಿ ಯಕೃತ್ತಿನ ಕ್ಯಾನ್ಸರಿಗೆ ದೊಡ್ಡ ಕಾರಣ, ಆದರೆ ಹಳೆಯ ಸೋಂಕಿಗೆ ಚಿಕಿತ್ಸೆಯಾಗಿ ಡಿಎನ್‌ಎ ಲಸಿಕೆ ಇಲ್ಲಿ ಸೋತಿದೆ. ಮಾತ್ರೆ ನಿಲ್ಲಿಸಿದ ಮೇಲೆ ವೈರಸ್ ಮರಳುವುದನ್ನು ಅದು ತಡೆಯಲಿಲ್ಲ ಎಂದು 2015ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ವರ್ಷಗಟ್ಟಲೆ ಪ್ರತಿಜನಕದ ಪ್ರವಾಹದಲ್ಲಿ ದಣಿದ ಟಿ ಕೋಶವನ್ನು ಎಬ್ಬಿಸುವುದು ಹೊಸದನ್ನು ಪಳಗಿಸುವುದಕ್ಕಿಂತ ಕಷ್ಟ. 1964ರಲ್ಲಿ ಪತ್ತೆಯಾದ, ಕೆಲವು ಕ್ಯಾನ್ಸರುಗಳಿಗೆ ಕಾರಣವಾಗುವ ಎಪ್‌ಸ್ಟೀನ್-ಬಾರ್ ವೈರಸ್ಸಿನದು ಬೇರೆ ತಂತ್ರ. ಅದರ ಇಬಿಎನ್‌ಎ1 ಪ್ರೋಟೀನಿನಲ್ಲಿರುವ ಗ್ಲೈಸಿನ್-ಅಲನಿನ್ ಸರಣಿ, ಅದನ್ನು ಚೂರು ಮಾಡಿ ಟಿ ಕೋಶಕ್ಕೆ ತೋರಿಸುವುದಕ್ಕೇ ಅಡ್ಡಿ ಮಾಡುತ್ತದೆ. ಮರ್ಕೆಲ್ ಕೋಶ ಕ್ಯಾನ್ಸರ್ ಎಂಬ ಚರ್ಮದ ಕ್ಯಾನ್ಸರಿನ ಪಾಲಿಯೋಮಾ ವೈರಸ್ಸಿನ ಮೇಲೆ ಇನ್ನೂ ಆರಂಭದ ಕೆಲಸ ನಡೆಯುತ್ತಿದೆ. ಎಚ್‌ಪಿವಿಯಂತೆ ಅಲ್ಲಿಯೂ ಗಡ್ಡೆ ತನ್ನ ವೈರಸ್ ಪ್ರೋಟೀನನ್ನು ಬಿಡಲಾರದು, ಆದ್ದರಿಂದ ಅದರ ಮೇಲೆ ಕಣ್ಣಿಟ್ಟಿದ್ದೇವೆ.

ಪ್ರಯೋಗಕ್ಕೆ ಸೇರುವ ಯೋಚನೆ ಇದ್ದರೆ

ಮೊದಲು ವೈರಸ್ಸಿನ ಬಗೆ ಗೊತ್ತಿರಬೇಕು. ವರದಿಯಲ್ಲಿ ಬರಿ ಹೈ ರಿಸ್ಕ್ ಎಚ್‌ಪಿವಿ ಎಂದಿದ್ದರೆ ಸಾಲದು, 16 ಅಥವಾ 18 ಎಂದು ಬೇರ್ಪಡಿಸಿ ಹೇಳುವ ಪರೀಕ್ಷೆ ಬೇಕು. 31, 33, 45 ಇದ್ದವರಿಗೆ ಈ ಪ್ಲಾಸ್ಮಿಡ್‌ಗಳಿಂದ ಪ್ರಯೋಜನ ನಿರೀಕ್ಷಿಸಬೇಡಿ. ಎರಡು ಬಗೆ ಒಟ್ಟಿಗಿದ್ದು ಲೀಷನ್ ತಂದದ್ದು ಇನ್ನೊಂದಾಗಿದ್ದರೆ, 16 ಹೋದರೂ ಲೀಷನ್ ಉಳಿಯುತ್ತದೆ. ಕಾಲ್ಪೊಸ್ಕೋಪಿಯಲ್ಲಿ, ಅಂದರೆ ಗರ್ಭಕಂಠವನ್ನು ಹಿಗ್ಗಿಸಿ ತೋರಿಸುವ ಮಸೂರದ ಪರೀಕ್ಷೆಯಲ್ಲಿ, ಲೀಷನ್‌ನ ಅಂಚು ಪೂರ್ತಿ ಕಾಣಬೇಕು. ಅಂಚು ಗರ್ಭಕಂಠದ ನಾಳದೊಳಗೆ ಹೋಗಿ ಮರೆಯಾದರೆ ಒಳಗೆ ಕ್ಯಾನ್ಸರ್ ಅಡಗಿರುವ ಅಪಾಯವಿದೆ, ಅಂಥವರಿಗೆ ಕಾಯುವ ಚಿಕಿತ್ಸೆ ಸಲ್ಲದು. ಗ್ರಂಥಿಕೋಶಗಳಿಂದ ಹುಟ್ಟುವ ಎಐಎಸ್ ಬದಲಾವಣೆಗೂ ಇದು ಸಲ್ಲದು. ಅದು ನಾಳದುದ್ದಕ್ಕೂ ಅಲ್ಲಲ್ಲಿ ಬಿಡಿಬಿಡಿಯಾಗಿ ಹರಡಿರಬಹುದು, ಒಂದು ಜಾಗದ ಬಯಾಪ್ಸಿ ನೋಡಿ ಉಳಿದದ್ದನ್ನು ಹೇಳಲಾಗದು.

36 ವಾರ ಎಂದರೆ ಎಂಟು ತಿಂಗಳ ಮೇಲೆ. ಸಿಐಎನ್-3ಕ್ಕೆ ಚಿಕಿತ್ಸೆಯೇ ಸಿಗದೆ ಉಳಿದವರಲ್ಲಿ 30 ವರ್ಷದಲ್ಲಿ ಸುಮಾರು 31 ಪ್ರತಿಶತ ಮಂದಿಗೆ ಕ್ಯಾನ್ಸರ್ ಬಂತೆಂದು ನ್ಯೂಜಿಲೆಂಡಿನ ಅಧ್ಯಯನ ಹೇಳಿದೆ. ಎಂಟು ತಿಂಗಳಲ್ಲಿ ಆ ಅಪಾಯ ಸಣ್ಣದು, ಆದರೆ ಸೊನ್ನೆಯಲ್ಲ. ನಡುವೆ ಎಷ್ಟು ಸಲ ಕಾಲ್ಪೊಸ್ಕೋಪಿ ಮಾಡುತ್ತಾರೆ, ಲೀಷನ್ ಬೆಳೆದರೆ ಯಾವ ಅಳತೆಗೆ ಕೂಡಲೇ ಲೀಪ್‌ಗೆ ಕಳಿಸುತ್ತಾರೆ ಎಂಬುದನ್ನು ಸಹಿ ಹಾಕುವ ಮುನ್ನ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಪ್ರಯೋಗದ ಅವಧಿಯಲ್ಲಿ ಬಸಿರಾಗದಂತೆ ಗರ್ಭನಿರೋಧಕ ಬಳಸಬೇಕಾಗುತ್ತದೆ, ಈ ವರ್ಷವೇ ಮಗು ಬೇಕೆಂದಿರುವವರು ಮೊದಲೇ ಯೋಚಿಸಬೇಕು. ಲಸಿಕೆಯ ಗುಂಪಿನಲ್ಲಿ ಚುಚ್ಚಿದ ಜಾಗ ಕೆಂಪಾದದ್ದು 125ಕ್ಕೆ 98 ಮಂದಿಗೆ, ಅದನ್ನು ಕಂಡು ಹೆದರಿ ಎರಡನೇ ಡೋಸ್ ಬಿಡಬೇಡಿ. 36ನೇ ವಾರದ ಬಯಾಪ್ಸಿ ಸ್ವಚ್ಛವಾಗಿ ಬಂದರೂ ವೈರಸ್ ಪರೀಕ್ಷೆ ಇನ್ನೂ ಪಾಸಿಟಿವ್ ಇದ್ದರೆ ಕೆಲಸ ಅರ್ಧವಾಗಿದೆ ಎಂದೇ ತಿಳಿದು, ತಪಾಸಣೆಯ ತಾರೀಖನ್ನು ಅಲ್ಲೇ ಬರೆಸಿಕೊಂಡು ಬನ್ನಿ.